ನಲವತ್ತೆಂಟು ಕಿಲೋ

ದೆವ್ವ, ಶಕುನ, ಕಣಿ ಯಾವುದನ್ನೂ ನಾನು ನಂಬಿದವನಲ್ಲ. ನಂಬಿದ್ದು ನನ್ನ ಕೈಯನ್ನು ಮಾತ್ರ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಇಂಡಿ ಕಡೆಯಿಂದ ನಾಗಪುರಕ್ಕೆ ಬಂದವನು, ಕಳಮನಾ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಚೀಲ ಹೊತ್ತಿದ್ದೇನೆ. ಎತ್ತಿದ ಚೀಲ ಎಷ್ಟು ಕಿಲೋ ಎಂದು ನಾನು ಹೇಳಿದ ಮೇಲೆ ತೂಕದ ಕಾಟಾಕ್ಕೆ ಹಾಕುವುದು ಬರೀ ಶಾಸ್ತ್ರಕ್ಕೆ.

ದೊಡ್ಡ ಮಗಳು ಶೈಲಾಳಿಗೆ ಹದಿನಾಲ್ಕರಲ್ಲಿ ರಕ್ತದ ಕ್ಯಾನ್ಸರ್ ಎಂದರು. ಮೈಭಾರ ಹೆಚ್ಚಿದ್ದ ಮಕ್ಕಳಿಗೆ ಔಷಧ ಕೆಲವೊಮ್ಮೆ ಸರಿಯಾಗಿ ಹತ್ತುವುದಿಲ್ಲ, ತೂಕ ಏರಗೊಡಬೇಡಿ ಎಂದು ರಾಮದಾಸಪೇಠದ ಡಾಕ್ಟರು ಹೇಳಿದಾಗ ನನಗೆ ಸಿಟ್ಟು ಬಂತು. ಹಸಿದು ಬೆಳೆದ ನಾನು ಮಗಳನ್ನು ಮೈತುಂಬ ಸಾಕಿದ್ದೆ. ಅದನ್ನೇ ಇವರು ರೋಗಕ್ಕೆ ಸೇರಿಸಿದರು. ಔಷಧದಿಂದ ಅವಳಿಗೆ ವಿಪರೀತ ಹಸಿವು. ಹೆಂಡತಿಗೂ ತಿಳಿಯದಂತೆ ತುಪ್ಪದ ರೊಟ್ಟಿ, ಶೇಂಗಾ ಹೋಳಿಗೆ ಕೊಡುತ್ತಿದ್ದೆ.

ಎರಡನೇ ತಿಂಗಳ ಒಂದು ಬೆಳಿಗ್ಗೆ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

“ಅಪ್ಪಾ, ಎಷ್ಟ್ ಕಿಲೋ ಅದೀನಿ ನಾ?”

“ನಲವತ್ತೆಂಟು. ಒಂದ್ ಚೀಲಾನೂ ತುಂಬಂಗಿಲ್ಲ ನೀ.”

ಕೈ ಹೇಳಿದ್ದನ್ನೇ ಹೇಳಿದೆ. ಮೇಲೆ ಕಾಟಾದ ಮೇಲೆ ನಿಲ್ಲಿಸಿದರೆ ಅರವತ್ತೊಂದು. ಕಾಟಾ ಕೆಟ್ಟಿದೆ ಎಂದು ಜಗಳ ತೆಗೆದೆ. “ಕಾಕಾ, ಯೇ ಬೋರಿ ನಹೀ ಹೈ,” ಎಂದಳು ನರ್ಸ್. ಚೀಲವಲ್ಲವಂತೆ. ಇನ್ನೊಂದು ಕಾಟಾ ತರಿಸಿದರು, ಅದೂ ಅರವತ್ತೊಂದು.

ಮನೆಗೆ ಬಂದು ಶೈಲಾ ತಾಯಿಯ ಮುಂದೆ ನಕ್ಕಳು: “ಅಪ್ಪನ ಕಾಟಾ ರಿಪೇರಿಗೆ ಬಂದೈತಿ.”

ಮರುದಿನ ಕಳಮನಾದಲ್ಲಿ ಎತ್ತಿದ ಒಂದೊಂದು ಚೀಲವೂ ಕೈ ಹೇಳಿದ ತೂಕಕ್ಕೇ ಬರೋಬರ್ ಬಂತು.

ಔಷಧ ಅವಳಿಗೆ ಹತ್ತಲಿಲ್ಲ. ಬರಬರುತ್ತ ಬಾಯೆಲ್ಲ ಹುಣ್ಣಾಗಿ ನೀರೂ ಇಳಿಯದಾಯಿತು. ತೂಕ ತಾನೇ ಕರಗಿತು. ಆಗ ಡಾಕ್ಟರು, ಹೀಗೆ ಇಳಿಯಬಾರದು ಎಂದರು. ಏರಿದರೂ ತಪ್ಪು, ಇಳಿದರೂ ತಪ್ಪು. ಏಳನೇ ತಿಂಗಳಲ್ಲಿ ಔಷಧದ ಅಳತೆಗೆಂದು ಕೊನೆಯ ಸಲ ತೂಗಿದರು. ನಲವತ್ತೆಂಟು. ನರ್ಸ್ ಬರೆದುಕೊಂಡಳು.

ಮೂರನೇ ದಿನ ಶೈಲಾ ಹೋದಳು. ಅದೇ ಮೆಟ್ಟಿಲಲ್ಲಿ ನಾನೇ ಎತ್ತಿ ಇಳಿಸಿದೆ. ಕೈಗೆ ಅಂದಿನದೇ ಭಾರ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ.

ನನ್ನ ರೊಟ್ಟಿಯಿಂದ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ ಎಂದರು. ಇಲ್ಲ ಎನ್ನಲಿಲ್ಲ.

ಐದು ತಿಂಗಳು ಮುಂದಿನ ಭಾರ ಕೈಗೆ ಹೇಗೆ ತಿಳಿಯಿತೋ, ಇವತ್ತಿಗೂ ಗೊತ್ತಿಲ್ಲ. ಓದಿದವರು ಭ್ರಮೆ ಎನ್ನುತ್ತಾರೆ. ಇರಬಹುದು. ಚೀಲ ಈಗಲೂ ಹೊರುತ್ತೇನೆ. ಮನೆಯಲ್ಲಿ ಆರು ವರ್ಷದ ಕಿರಿಯವಳು ಎತ್ತಿಕೋ ಎಂದು ಕೈ ಚಾಚುತ್ತಾಳೆ. ಬೆನ್ನು ನೋವು ಎನ್ನುತ್ತೇನೆ.