ನನ್ನ ತರಗತಿಯೊಳಗೆ ಹೆಡ್ಮಾಸ್ತರರ ಭತ್ತ

ದೀಪಾವಳಿ ಸೂಟಿ ಮುಗಿದು ಶಾಲೆ ಶುರುವಾದ ಸೋಮವಾರ ನನ್ನ ತರಗತಿಯ ಬಾಗಿಲು ಗೇಣಷ್ಟು ಮಾತ್ರ ತೆರೆಯಿತು. ಬೆಂಚು ಅಡ್ಡ ಬಿದ್ದಿರಬೇಕು ಅಂದುಕೊಂಡು ಹೆಗಲು ಕೊಟ್ಟು ನೂಕಿದೆ. ಅಲುಗಲಿಲ್ಲ. ಸಂದಿಯಲ್ಲಿ ಕಣ್ಣಿಟ್ಟು ನೋಡಿದರೆ ಚೀಲಗಳು. ನೆಲದಿಂದ ಸೂರಿನವರೆಗೆ, ಈ ಗೋಡೆಯಿಂದ ಆ ಗೋಡೆಗೆ, ಬಾಯಿ ಹೊಲಿದ ಗೋಣಿಚೀಲಗಳು. ಕರಿಹಲಗೆ ಕಾಣಲಿಲ್ಲ. ಮಕ್ಕಳು ಬರೆದು ಅಂಟಿಸಿದ್ದ ಚಿತ್ರಗಳೂ ಕಾಣಲಿಲ್ಲ. ಹಸಿ ಭತ್ತದ ಬೆಚ್ಚನೆಯ ವಾಸನೆ ಮುಖಕ್ಕೆ ಬಡಿಯಿತು. ಬೇರೆ ಯಾವುದೋ ಕಟ್ಟಡಕ್ಕೆ ಬಂದುಬಿಟ್ಟೆನೇನೋ ಎಂದು ಹಿಂದೆ ಸರಿದು ಬಾಗಿಲ ಮೇಲಿನ ಬರಹ ಓದಿದೆ. ನನ್ನ ತರಗತಿಯೇ.

ಅದು ನನ್ನ ಮೊದಲ ನೌಕರಿ. ತವರು ಯಾದಗಿರಿ. ಶಹಾಪುರದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ದಿನಾ ದೋರನಹಳ್ಳಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಹೋಗಿ ಇಳಿದು, ಕಾಲುವೆಯ ಏರಿಯ ಮೇಲೆ ನಡೆದು ಆ ಹಳ್ಳಿ ಸೇರುತ್ತಿದ್ದೆ. ಶಾಲೆಯಲ್ಲಿ ಇದ್ದದ್ದು ಮೂರೇ ಕೋಣೆ: ಒಂದು ಆಫೀಸು, ಒಂದರಲ್ಲಿ ವಯಸ್ಸಾದ ಮಾಸ್ತರರೊಬ್ಬರ ಒಂದು ಮತ್ತು ಎರಡನೇ ತರಗತಿ, ಇನ್ನೊಂದರಲ್ಲಿ ನನ್ನ ಮೂರು ಮತ್ತು ನಾಲ್ಕನೇ ತರಗತಿ.

ಹೆಡ್ಮಾಸ್ತರರು ಅದೇ ಊರಿನವರು. ಕಾಲುವೆಗೆ ನೀರು ಬರುವ ಮೊದಲು ಅವರಷ್ಟು ಚೆಂದ ಲೆಕ್ಕ ಕಲಿಸುವವರು ಸುತ್ತಮುತ್ತ ಇರಲಿಲ್ಲವಂತೆ. ನೀರು ಬಂದು, ಜೋಳ ತೊಗರಿ ಬೆಳೆಯುತ್ತಿದ್ದ ಅವರ ಕರಿಮಣ್ಣಿನ ಹೊಲ ಭತ್ತದ ಗದ್ದೆಯಾಯಿತು. ಆಮೇಲೆ ಅವರು ಕೆಸರುಗಾಲಲ್ಲೇ ಬಂದು ಹಾಜರಿ ಹಾಕಿ ಹೊರಟುಹೋಗುತ್ತಿದ್ದರು. ನಮ್ಮೊಂದಿಗೆ ಮಾತಾಡುವಾಗಲೂ ಗದ್ದೆಯ ಆಳುಗಳಿಗೆ ಹೇಳುವ ಧಾಟಿಯೇ. ಬಸ್ಸು ತಡವಾಗಿ ಬಂದ ದಿನ ಮಕ್ಕಳ ಮುಂದೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ಈ ಚೀಲಗಳು?

ಆಫೀಸಿಗೆ ಹೋಗಿ ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಮಳಿ ಮೋಡ ಕಟ್ಟ್ಯಾದ. ನೆಲ್ಲು ತೋಯ್ದು ಮೊಳಕಿ ಒಡದ್ರ ನೀವು ತುಂಬಿ ಕೊಡ್ತೀರೇನ್ರಿ?"

"ಮಕ್ಕಳು ಎಲ್ಲಿ ಕೂಡಬೇಕ್ರಿ ಸರ್?"

"ಹೊರಗ ಕಟ್ಟಿ ಇಲ್ಲೇನು? ನಾವೆಲ್ಲಾ ಗಿಡದ ಬುಡಕ ಕುಂತೇ ಕಲ್ತವ್ರು. ಹೋಗ್ರಿ, ಸುರು ಮಾಡ್ರಿ."

ಹೊರಗೆ ಬಂದೆ. ಇನ್ನೂ ಸೋಜಿಗವೆಂದರೆ ಬೇರೆ ಯಾರಿಗೂ ಇದು ಸೋಜಿಗವಾಗಿರಲಿಲ್ಲ. ವಯಸ್ಸಾದ ಮಾಸ್ತರರು, "ಹೋದ್ವರ್ಷನೂ ಹಿಂಗೇ ಆಗಿತ್ತವ್ವ. ಧಾರಣಿ ಏರೂತನ ಇರ್ತಾವ, ಆಮ್ಯಾಲ ಹೋಗ್ತಾವ," ಎಂದು ಸೀಮೆಸುಣ್ಣ ಹಿಡಿದು ಒಳಗೆ ಹೋದರು. ಮಕ್ಕಳು ಪಾಟಿಚೀಲ ತಲೆಯ ಮೇಲಿಟ್ಟುಕೊಂಡು ತಾವಾಗಿಯೇ ಕಟ್ಟೆಯ ಮೇಲೆ ಸಾಲಾಗಿ ಕುಳಿತುಬಿಟ್ಟಿದ್ದರು.

ಒಂದು ವಾರ ಕಟ್ಟೆಯ ಮೇಲೆ ಕಲಿಸಿದೆ. ಹಲಗೆಯಿಲ್ಲ. ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ಮಕ್ಕಳ ಕತ್ತೆಲ್ಲ ಅತ್ತ ತಿರುಗುತ್ತಿತ್ತು. ಒಂದು ಸಂಜೆ ಧೈರ್ಯ ಮಾಡಿ ಶಿಕ್ಷಣ ಇಲಾಖೆಯ ಮೇಲಿನ ಸಾಹೇಬರೊಬ್ಬರ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಚಹಾ ತರಿಸಿ, "ನೋಡೋಣ್ರಿ ಟೀಚರ್, ನೀವೇನ್ ಚಿಂತಿ ಮಾಡಬ್ಯಾಡ್ರಿ," ಎಂದರು. ಹಗುರಾಗಿ ಮನೆಗೆ ಬಂದೆ.

ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಹೆಡ್ಮಾಸ್ತರರು ಮಕ್ಕಳ ಮುಂದೆ ಬಂದು ನಿಂತರು. ಸಿಟ್ಟಿರಲಿಲ್ಲ. ನಗುತ್ತಿದ್ದರು.

"ಈ ಟೀಚರ್ ನನ್ನ ಮ್ಯಾಲ ಫಿರ್ಯಾದಿ ಕೊಟ್ಟಾರ," ಎಂದರು. "ಈಗ ನಾ ಒಂದು ಪ್ರಶ್ನಿ ಕೇಳ್ತೀನಿ. ಯಾರ್ಯಾರ ಮನ್ಯಾಗ ನನ್ನ ಹೊಲದ ಅಕ್ಕಿ ಉಂಡೀರಿ? ಕೈ ಎತ್ರಿ ನೋಡೋಣ."

ಕೈಗಳು ಮೇಲೆದ್ದವು. ಒಂದೆರಡಲ್ಲ, ಇಡೀ ಅಂಗಳದ ಕೈಗಳು. ಅವರ ತಾಯಂದಿರೆಲ್ಲ ಆ ಗದ್ದೆಯಲ್ಲಿ ನಾಟಿ ಮಾಡುವವರು, ಕೊಯ್ಯುವವರು. ಕೂಲಿಯನ್ನು ಭತ್ತದಲ್ಲೇ ಅಳೆಸಿಕೊಳ್ಳುವವರು. ಮಕ್ಕಳಿಗೆ ಇದೂ ಒಂದು ಪ್ರಶ್ನೆ, ಉತ್ತರ ಗೊತ್ತಿದ್ದ ಪ್ರಶ್ನೆ. ಖುಷಿಯಿಂದ ತುದಿಗಾಲ ಮೇಲೆ ನಿಂತು ಎತ್ತಿದ್ದರು. ನನ್ನ ನಾಲ್ಕನೇ ತರಗತಿಯ ಜಾಣ ಹುಡುಗಿಯೊಬ್ಬಳು ಎಲ್ಲರಿಗಿಂತ ಮೇಲೆ ಕೈ ಚಾಚಿ, ನಾನು ಮೆಚ್ಚುತ್ತೇನೆಂದು ನನ್ನತ್ತ ನೋಡುತ್ತಿದ್ದಳು.

"ಕೈ ಇಳಸ್ರಿ," ಎಂದು ಹೆಡ್ಮಾಸ್ತರರು ಒಳಗೆ ಹೋದರು. ನಾನು ಸಾಹೇಬರ ಮುಂದೆ ಹೇಳಿದ ಮಾತು ನನಗಿಂತ ಮೊದಲು ಊರು ಮುಟ್ಟಿತ್ತು.

ಆ ಹುಡುಗಿಯ ತಾಯಿ ಊರಿನ ಕೂಲಿ ಹೆಣ್ಣುಮಕ್ಕಳ ಗುಂಪಿಗೆ ಮೇಸ್ತ್ರಿ. ಯಾರ ಹೊಲಕ್ಕೆ ಎಷ್ಟು ಜನ ಎಂದು ಗೊತ್ತು ಮಾಡುವವಳು ಅವಳೇ. ಸಂಜೆ ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ, ಏರಿಯ ಮೇಲೆ ನನ್ನನ್ನು ತಡೆದಳು.

"ಕೈ ಎತ್ತ್ಯಾವಂತಲ್ರಿ ನಮ್ಮ ಹುಡ್ರು. ಸಿಟ್ಟಾಗಬ್ಯಾಡ್ರಿ ಟೀಚರ್. ಹುಡ್ರಿಗೇನು ತಿಳೀತದ?"

"ಅವು ಖರೇನೇ ಹೇಳ್ಯಾವ ಅಕ್ಕ," ಎಂದೆ.

"ಖರೆ ಅದ. ಆದ್ರ ನಾವು ದುಡ್ದು ಉಂಡೀವ್ರಿ," ಎಂದು ಊರ ಕಡೆ ನಡೆದಳು.

ಎರಡು ದಿನ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಮೋಡ ದಟ್ಟವಾಯಿತು. ಹೆಡ್ಮಾಸ್ತರರು ಯಾದಗಿರಿಯ ಪೇಟೆಗೆ ಹೋಗಿದ್ದರು. ಇನ್ನೊಂದು ಟ್ರ್ಯಾಕ್ಟರ್ ತುಂಬ ಚೀಲಗಳು ಅಂಗಳಕ್ಕೆ ಬಂದು ನಿಂತವು. ಜೊತೆಗೆ ನಾಲ್ಕು ಜನ ಹಮಾಲರು, ಹಿಂದೆ ಅದೇ ಮೇಸ್ತ್ರಿ ಮತ್ತು ಅವಳ ಗುಂಪು. ಈ ಸಲ ವಯಸ್ಸಾದ ಮಾಸ್ತರರ ಕೋಣೆ ಖಾಲಿ ಮಾಡಿಸಿ ಅಲ್ಲಿ ಹಾಕಬೇಕೆಂದು ಹುಕುಂ ಆಗಿತ್ತಂತೆ. ಒಳಗೆ ಒಂದನೇ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಮಾಸ್ತರರು ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ಮಕ್ಕಳನ್ನು ಏಳಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಮೇಸ್ತ್ರಿ ಒಮ್ಮೆ ಆ ಮಕ್ಕಳನ್ನು ನೋಡಿದಳು. ಒಮ್ಮೆ ಕಟ್ಟೆಯ ಮೇಲಿದ್ದ ನಮ್ಮನ್ನು ನೋಡಿದಳು. ಆಮೇಲೆ ತೆರೆದೇ ಇದ್ದ ಆಫೀಸಿನ ಬಾಗಿಲ ಕಡೆ ಕೈ ತೋರಿಸಿ ಹಮಾಲರಿಗೆ, "ಅಲ್ಲಿ ಹಾಕ್ರಿ," ಎಂದಳು.

"ಏ, ಅದು ಆಫೀಸು," ಎಂದ ಒಬ್ಬ.

"ಅದೂ ಖೋಲಿನೇ. ಮಳಿ ಬರಾಕತ್ತದ, ಸುಮ್ನ ಬಾಯಿ ಮುಚ್ಗೊಂಡು ಹೊರ್ರಿ."

ನಾನು ಎದ್ದು ನಿಂತವಳು ನಿಂತೇ ಇದ್ದೆ. ಬೇಡವೆಂದು ಕೂಗಬೇಕೆನಿಸಿತು, ಕೂಗಲಿಲ್ಲ. ಚೀಲಗಳು ಒಳಗೆ ಹೋದವು. ಮೇಜು ಮುಚ್ಚಿತು, ಅಲಮಾರಿ ಮುಚ್ಚಿತು, ಕೊನೆಗೆ ಹೆಡ್ಮಾಸ್ತರರ ಕುರ್ಚಿಯ ಬೆನ್ನಷ್ಟೇ ಉಳಿಯಿತು. ಅದರ ಮೇಲೂ ಒಂದು ಚೀಲ ಕೂತಿತು.

ಮಳೆ ಹನಿಯುತ್ತಿದ್ದಾಗ ಅವರು ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ನಾನು ಆ ಸೋಮವಾರ ನಿಂತ ಹಾಗೆಯೇ ನಿಂತಿದ್ದರು, ಒಂದು ಕೈ ಚೌಕಟ್ಟಿನ ಮೇಲೆ. ಆಮೇಲೆ ನನ್ನತ್ತ ತಿರುಗಿ, "ಇದು ನಿಮ್ಮ ಕೆಲಸೇನ್ರಿ?" ಎಂದರು. ದನಿಯಲ್ಲಿ ಯಾವತ್ತಿನ ಜೋರಿರಲಿಲ್ಲ.

ಮೇಸ್ತ್ರಿ ಮುಂದೆ ಬಂದಳು. "ನಾ ಹಾಕ್ಸೀನ್ರಿ ಮಾಸ್ತರ್ರ. ಸಣ್ಣ ಹುಡ್ರು ಮಳ್ಯಾಗ ಎಲ್ಲಿ ಹೋಗ್ಬೇಕ್ರಿ? ನೀವು ಕಟ್ಟಿ ಮ್ಯಾಲ ಕುಂತ್ರೂ ನಡೀತದಲ್ರಿ."

ಅವರು ಬೈಯುತ್ತಾರೆ, ಹೊಡೆಯಲೂ ಕೈ ಎತ್ತಬಹುದು ಎಂದು ನಾನು ಮಕ್ಕಳನ್ನು ಹಿಂದಕ್ಕೆ ಸರಿಸಿದೆ. ಅವರು ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಮಳೆಯಲ್ಲೇ ಮನೆಗೆ ಹೋದರು.

ಆ ವಾರ ಮುಗಿಯುವುದರೊಳಗೆ ಎರಡೂ ಕೋಣೆ ಖಾಲಿಯಾದವು. ನನ್ನ ತರಗತಿಯ ನೆಲದ ತುಂಬ ಹೊಟ್ಟು, ಇಲಿಯ ಹಿಕ್ಕೆ. ಮಕ್ಕಳೂ ನಾನೂ ಸೇರಿ ಗುಡಿಸಿ, ತೊಳೆದು, ಒಳಗೆ ಕುಳಿತೆವು. ಗೆದ್ದೆವು ಎಂದುಕೊಂಡೆ.

ಸಂಕ್ರಾಂತಿಯ ಹೊತ್ತಿನ ಮುಂದಿನ ನಾಟಿಗೆ ಹೆಡ್ಮಾಸ್ತರರು ಬೇರೆ ಊರಿನಿಂದ ಆಳು ತರಿಸಿದರು. ಒಂದು ಮಾತಿಲ್ಲ, ಜಗಳವಿಲ್ಲ. ಆ ಮೇಸ್ತ್ರಿಯ ಗುಂಪನ್ನು ಕರೆಯಲೇ ಇಲ್ಲ. ಅದು ತಿಳಿದ ದಿನ ನನಗೆ ಚೀಲಗಳನ್ನು ಕಂಡಾಗಿನದಕ್ಕಿಂತ ಹೆಚ್ಚು ಆಘಾತವಾಯಿತು. ಆ ಹೆಂಗಸರು ಸುರಪುರದ ಕಡೆಯ ಗದ್ದೆಗಳಿಗೆ ನಸುಕಿನಲ್ಲೇ ಟೆಂಪೋ ಹತ್ತಿ ಹೋಗತೊಡಗಿದರು. ಜಾಣ ಹುಡುಗಿ ಶಾಲೆಗೆ ಬರುವುದು ನಿಂತಿತು.

ಅವರ ಮನೆಗೆ ಹೋದೆ. ಹುಡುಗಿ ಎಳೆಯ ತಮ್ಮನನ್ನು ಆಡಿಸುತ್ತ ಹೊಸ್ತಿಲಲ್ಲಿ ಕುಳಿತಿದ್ದಳು. ಕತ್ತಲಾಗುವ ಹೊತ್ತಿಗೆ ಬಂದ ತಾಯಿ ನನ್ನನ್ನು ನೋಡಿ ಗಾಬರಿಯಾದಳು.

"ನನ್ನಿಂದ ಹಿಂಗಾಯ್ತಲ್ಲ ಅಕ್ಕ," ಎಂದೆ.

"ನೀವೆಲ್ಲಿ ಚೀಲ ಹೊತ್ರಿ? ಬಿಡ್ರಿ ಅದನ್ನ. ಊರ ಹೊಲಕ್ಕಾದ್ರ ಕೂಸಿನ್ನ ಒಯ್ತಿದ್ದೆ. ಈಗ ನೋಡ್ಕೊಳ್ಳೋರು ಯಾರೂ ಇಲ್ರಿ, ಅದಕ್ಕ ಇಕಿನ್ನ ಸಾಲಿ ಬಿಡ್ಸೀನಿ."

"ಕೂಸಿನ್ನ ಕರ್ಕೊಂಡೇ ಬರ್ಲಿ."

ಅವಳು ನನ್ನ ಮುಖವನ್ನೇ ನೋಡಿದಳು. "ಸಾಲಿಗೆ? ಕೂಸಿನ್ನ? ಮಾಸ್ತರ್ರು ಬಿಡ್ತಾರೇನ್ರಿ?"

ಗೊತ್ತಿಲ್ಲ ಎಂದೆ. ಮರುದಿನ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಂದಳು. ಹೆಡ್ಮಾಸ್ತರರು ಕಟ್ಟೆಯ ಮೇಲಿಂದ ನೋಡಿದರು. ಕೂಸು ಅಳುತ್ತಿತ್ತು. ಅವರು ಏನೂ ಅನ್ನದೆ ಒಳಗೆ ಹೋದರು. ಆ ವರ್ಷ ಮುಗಿಯುವವರೆಗೆ ಕೂಸು ನನ್ನ ಮೇಜಿನ ಕೆಳಗೆ ಗೋಣಿತಟ್ಟಿನ ಮೇಲೆ ಮಲಗಿತು.