ಸ್ಟುಡಿಯೋ ಕಾಕಾರ ಎರಡು ಡ್ರೈವು

ಈ ಸಲದ ಖಂಡೇನವಮಿಗೆ ನನ್ನ ರಿಪೇರಿ ಅಂಗಡಿಯ ಕಂಪ್ಯೂಟರುಗಳಿಗೆಲ್ಲ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗಿದೆ. ಬಿಸಿಯಾದ ಧೂಳಿನ ವಾಸನೆಯೊಳಗೆ ಆ ಹೊಗೆ ಕೂಡಿದ್ದೇ ತಡ, ನಮ್ಮ ಪಕ್ಕದ ಮನೆಯ ಸ್ಟುಡಿಯೋ ಕಾಕಾ ಕಣ್ಣ ಮುಂದೆ ಬಂದು ನಿಂತರು. ಅವರ ಕೋಣೆಯಲ್ಲಿ ವರ್ಷವಿಡೀ ಇದೇ ವಾಸನೆ…

ಬೈಲಹೊಂಗಲದಲ್ಲಿ ಎಷ್ಟೋ ವರ್ಷ ಫೋಟೋ ಸ್ಟುಡಿಯೋ ನಡೆಸಿ, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬಾಗಿಲು ಹಾಕಿದವರು ಅವರು. ಬಾಗಿಲು ಹಾಕಿದರೂ ತೆಗೆದ ಫೋಟೋ ಬಿಡಲಿಲ್ಲ. ಸುತ್ತಲಿನ ಊರುಗಳ ಮದುವೆಗಳೆಲ್ಲ ಅವರ ಮನೆಯ ಕಂಪ್ಯೂಟರಿನಲ್ಲಿದ್ದವು. ನಮ್ಮ ಕಡೆ ಒಬ್ಬರು ತೀರಿಕೊಂಡರೆ ಶಿವಗಣಾರಾಧನೆಯ ಹೊತ್ತಿಗೆ ಮಾಲೆ ಹಾಕಲು ಒಂದು ಫೋಟೋ ಬೇಕೇ ಬೇಕು. ಹೊಲದಲ್ಲಿ ದುಡಿದ ಹಿರಿಯರು ಒಬ್ಬರೇ ಕುಳಿತು ಫೋಟೋ ತೆಗೆಸಿಕೊಂಡದ್ದು ಎಲ್ಲಿ? ಆಗ ಜನ ಕಾಕಾರ ಬಾಗಿಲಿಗೆ ಬರುತ್ತಿದ್ದರು. ಯಾವುದೋ ಮದುವೆಯ ಅಕ್ಕಿಕಾಳಿನ ಗದ್ದಲದೊಳಗಿಂದ ಕಾಕಾ ಆ ಮುಖ ಹುಡುಕಿ, ಬಿಡಿಸಿ, ಹಿಂದೆ ನೀಲಿ ಬಣ್ಣ ಕೊಟ್ಟು ಕೈಗಿಡುತ್ತಿದ್ದರು.

ಹಳೆಯ ಹಾರ್ಡ್‌ಡಿಸ್ಕ್ ತುಂಬಿ ತೆವಳತೊಡಗಿದಾಗ ಎರಡು ಹೊಸ ಎಸ್‌ಎಸ್‌ಡಿ ಡ್ರೈವು ತಂದು ನನ್ನನ್ನು ಕರೆದರು. ಒಂದರಲ್ಲಿ ಫೋಟೋ, ಇನ್ನೊಂದರಲ್ಲಿ ಅದರ ನಕಲು ಇರಲಿ ಎಂಬುದು ಅವರ ಆಸೆ. ನನಗೆ ಆಗಷ್ಟೇ ಅಂಗಡಿ ತೆರೆದ ಹುರುಪು.

"ಎರಡೂ ಜೋಡಿಸಿ ಒಂದಽ ಮಾಡ್ತೇನ್ರಿ ಕಾಕಾ. ಒಂದೊಂದು ಫೋಟೋ ಅರ್ಧ ಅದರಾಗ, ಅರ್ಧ ಇದರಾಗ ಕುಂದರತೈತಿ. ಜಾಗಾನೂ ಡಬಲ್, ಓಟಾನೂ ಡಬಲ್."

"ಎರಡೆತ್ತು ಹೂಡಿದಂಗ ಆತಲ್ಲೋ ತಮ್ಮಾ. ಒಂದು ಮಕ್ಕೊಂಡ್ರ?"

"ಇವು ಎತ್ತಲ್ರಿ. ಮೇವೂ ಕೇಳಂಗಿಲ್ಲ, ಮಕ್ಕೊಳ್ಳಂಗೂ ಇಲ್ಲ."

ಕಾಕಾ ನಕ್ಕುಬಿಟ್ಟರು, ಒಪ್ಪಿದರು. ಫೋಟೋಗಳೆಲ್ಲ ಹೊಸದಕ್ಕೆ ಬಂದ ಮೇಲೆ ಹಳೆಯ ಹಾರ್ಡ್‌ಡಿಸ್ಕನ್ನು ನನಗೇ ಕೊಟ್ಟರು. ನಾನು ಅದನ್ನು ಪೂರ್ತಿ ಅಳಿಸಿ ಬೇರೆ ಗಿರಾಕಿಯ ಕಂಪ್ಯೂಟರಿಗೆ ಹಾಕಿದೆ…

ವರ್ಷ ತುಂಬುವುದರೊಳಗೆ ಎರಡರಲ್ಲೊಂದು ಸತ್ತಿತು. ಸದ್ದಿಲ್ಲ, ಸೂಚನೆಯಿಲ್ಲ. ಇನ್ನೊಂದು ಗಟ್ಟಿಯಾಗೇ ಇತ್ತು. ಆದರೆ ಅದರೊಳಗಿದ್ದದ್ದು ಬರೀ ಚೂರು, ಒಂದು ಮುಖವೂ ಪೂರ್ತಿಯಾಗಿ ಸಿಗಲಿಲ್ಲ. ಬೆಳಗಾವಿಗೆ ಒಯ್ದೆ, ಹುಬ್ಬಳ್ಳಿಗೆ ಒಯ್ದೆ. ಎಲ್ಲ ಕಡೆಯೂ ಆಗುವುದಿಲ್ಲ ಎಂದರು.

ಅದೇ ವಾರ ಮುನವಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದರು. ತಾಯಿ ತೀರಿಕೊಂಡು ನಾಲ್ಕು ದಿನವಾಗಿತ್ತು. "ನನ್ನ ಲಗ್ನದಾಗ ಅವ್ವ ಒಲ್ಲೆ ಒಲ್ಲೆ ಅಂದ್ರೂ ನಿಂದರಿಸಿ ತಗದಿದ್ರಿ ಕಾಕಾರ. ಆಲ್ಬಮ್ ಮನಿಗೆ ಹೊಳಿ ನೀರು ಬಂದಾಗ ಹೋತ್ರಿ. ಈಗ ನಿಮ್ಮ ಹಂತೇಕ ಇರೂದಽ ಅದೊಂದು."

ನಾನು ಸ್ಕ್ರೂಡ್ರೈವರ್ ಹಿಡಿದು ಅಲ್ಲೇ ಕುಳಿತಿದ್ದೆ. ಕಾಕಾ ನನ್ನ ಕಡೆ ನೋಡಲಿಲ್ಲ. "ನನ್ನ ಕೈ ತಪ್ಪಿತು ತಂಗಿ," ಎಂದರು, "ಏನೋ ಒತ್ತಾಕ ಹೋಗಿ ಎಲ್ಲಾ ಅಳಿಸಿಬಿಟ್ಟೆ." ಕೊಟ್ಟ ನೀರನ್ನೂ ಕುಡಿಯದೆ ಆ ಹೆಣ್ಣುಮಗಳು ಎದ್ದು ಹೋದರು.

"ಯಾಕ್ರಿ ಕಾಕಾ ಹಂಗಂದ್ರಿ?" ಎಂದೆ.

"ನಂದು ಅಂಗಡಿ ಮುಚ್ಚೇತಿ. ನಿಂದು ಈಗ ತಗದೈತಿ."

ಸುಳ್ಳು ಯಾಕೆ, ನನಗೆ ಆಗ ಹಗುರಾಯಿತು. ಸಂತೆಯಲ್ಲಿ ಜನ "ಕಾಕಾಗ ವಯಸ್ಸಾತು, ಕೈ ನಡಗತಾವ" ಎಂದು ಆಡಿಕೊಂಡಾಗಲೂ ನಾನು ಚಹಾ ಕುಡಿಯುತ್ತ ಕೇಳಿಸಿಕೊಂಡೆ. ಆಮೇಲೆ ಅವರ ಬಾಗಿಲಿಗೆ ಯಾರೂ ಬರಲಿಲ್ಲ. ದಿನಾ ಕ್ಯಾಮೆರಾ ಒರೆಸುವುದನ್ನೂ ಬಿಟ್ಟರು… ನಾಳೆ ನಾಲ್ಕು ಮಂದಿಯ ಮುಂದೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವುದರೊಳಗೆ ಕಾಕಾ ತೀರಿಕೊಂಡರು.

ಈ ಸಲದ ಹಬ್ಬ ಕಳೆದು ಒಂದು ವಾರಕ್ಕೆ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಣ್ಣುಮಗಳೇ ಗುರುತು ಹಿಡಿದು ಮಾತಾಡಿಸಿದರು. ಕಾಕಾ ತೀರಿಕೊಂಡ ಸುದ್ದಿ ಅವರಿಗೆ ಆ ದಿನವೇ ಮುಟ್ಟಿತ್ತಂತೆ. "ಮಣ್ಣಿಗೆ ಹೊಂಟಿದ್ನಿರಿ. ಅವ್ವನ ನೆನಪಾತು, ಸಿಟ್ಟು ಬಂತು, ತಿರುಗಿ ಮನಿಗೆ ಹೋದೆ," ಎಂದರು.

ಆಗ ಹೇಳಿದೆ. ಕಾಕಾ ಏನೂ ಅಳಿಸಿರಲಿಲ್ಲ. ಜೋಡಿಸಿದವನೂ ನಾನು, ಕಳೆದವನೂ ನಾನು.

ಅವರು ಬೈಯಲಿಲ್ಲ. ಕೆಳಗಿಟ್ಟಿದ್ದ ಚೀಲ ಎತ್ತಿಕೊಂಡರು.

"ಇದನ್ನ ಆಗಽ ಹೇಳಿದ್ರ ಅವರ ಮಣ್ಣಿಗರೆ ಬರ್ತಿದ್ನೆಲ್ರಿ," ಎಂದವರೇ ಮುನವಳ್ಳಿ ಬಸ್ಸು ಹತ್ತಿದರು.