ಪುಟ್ಟಬಸಪ್ಪ ಮೇಷ್ಟ್ರ ಮಾತಾಡುವ ಮಾರ್ಕ್ಸ್‌ಕಾರ್ಡು

ಬೇರೆ ಮೇಷ್ಟ್ರುಗಳ ಹೆಗಲಿಗೆ ಚೀಲ ಜೋತಾಡುತ್ತಿದ್ದರೆ ನಮ್ಮ ಪುಟ್ಟಬಸಪ್ಪ ಮೇಷ್ಟ್ರ ಹೆಗಲಿಗೆ ಟೇಪ್‌ರೆಕಾರ್ಡರು ಜೋತಾಡುತ್ತಿತ್ತು. ಹಳೇ ಸೀರೆಯಲ್ಲಿ ಹೊಲಿದ ಹೂವಿನ ಗವಸು ಬೇರೆ ಅದಕ್ಕೆ. ಇಂಗ್ಲಿಷ್ ಉಚ್ಚಾರಣೆ ಕಲಿಸಲಿ ಎಂದು ಸರ್ಕಾರ ಶಾಲೆಗೆ ಕೊಟ್ಟ ಯಂತ್ರ ಅದು. ಹೆಡ್‌ಮಾಸ್ಟರಿಗೆ ಅದನ್ನು ಬೀರುವಿನಿಂದ ಆಚೆ ತೆಗೆಯಲು ಪ್ರಾಣಭಯ. “ಕೆಟ್ಟುಹೋದರೆ ಯಾರ್ರೀ ಜವಾಬ್ದಾರಿ?” ಎಂದರೆ ಮೇಷ್ಟ್ರು, “ಬೀರೂಲಿಟ್ರೂ ಕೆಡ್ತದೆ ಸಾ. ಕೆಡೋದೇ ಆದ್ರೆ ದುಡುದು ಕೆಡ್ಲಿ ಬುಡಿ” ಎಂದು ಹೊತ್ತುಕೊಂಡು ಬಂದರಂತೆ. ಅಂದಿನಿಂದ ಹನೂರಿಗೆಲ್ಲ ಅವರು ಟೇಪು ಮೇಷ್ಟ್ರು.

ನಾನು ತಮಿಳುನಾಡು ಗಡಿಯ ಗೋಪಿನಾಥಂನವಳು. ಎಂಬತ್ತರ ದಶಕದ ಕೊನೆಯಲ್ಲಿ ಹನೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ನಮ್ಮೂರಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೋಷಕರ ಸಭೆಗೆ ಬರಬೇಕೆಂದರೆ ಅಪ್ಪ ಕಾಡಿನ ಕೆಲಸ ಬಿಟ್ಟು ಹೊರಡಬೇಕು, ಹಾಗಾಗಿ ಬರುತ್ತಿರಲಿಲ್ಲ. ಶಾಲೆಯಿಂದ ಮನೆಗೆ ಕಾಗದ ಬರೆಯುತ್ತಿದ್ದರು ನಿಜ. ಅದನ್ನು ಓದಿ ಹೇಳುವವರು ಯಾರು? ನಾವೇ! “ಗಣಿತದಲ್ಲಿ ತೀರಾ ಹಿಂದೆ” ಎಂದಿದ್ದದ್ದನ್ನು “ಗಣಿತದಲ್ಲಿ ಎಲ್ಲರಿಗಿಂತ ಮುಂದೆ” ಎಂದು ಗಂಭೀರವಾಗಿ ಓದಿ, ಆ ಖುಷಿಗೆ ಅವ್ವ ಕರಿದುಕೊಟ್ಟ ಮೀನು ತಿಂದಿದ್ದೇನೆ.

ಒಮ್ಮೆ ಹನೂರಿಗೆ ಬಂದ ಒಬ್ಬ ಹುಡುಗನ ಅಪ್ಪ ಶಾಲೆಗೂ ಬಂದು ಮೇಷ್ಟ್ರಿಗೆ ಕೈಮುಗಿದ. ಮಗ ತರಗತಿಗೇ ಮೊದಲನೆಯವನೆಂದು ಅವನಿಗೆ ಬಹಳ ಸಂತೋಷ. ಮಗ ಇದ್ದದ್ದು ಕೊನೇ ಸ್ಥಾನದಲ್ಲಿ. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಮ್ಮ ಕಡೆ ತಿರುಗಿ, “ಕಾಗ್ದುಕ್ಕೆ ಬಾಯಿಲ್ಲ ಕಣ್ರಲಾ, ಅದ್ಕೇ ನೀವಾಡಿದ್ದೇ ಆಟ. ಇನ್ಮೇಲೆ ನನ್ ಬಾಯ್ನೇ ಕಳಿಸ್ತೀನಿ” ಎಂದರು.

ಕಳಿಸಿಯೇಬಿಟ್ಟರು. ಒಬ್ಬೊಬ್ಬರ ಓದು, ಹಾಜರಿ, ತಂಟೆ ಎಲ್ಲವನ್ನೂ ಕ್ಯಾಸೆಟ್ಟಿಗೆ ಹೇಳಿ ಆಯಾ ಊರಿನ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರು. ನಮ್ಮೂರಲ್ಲಿ ಟೇಪ್‌ರೆಕಾರ್ಡರ್ ಇದ್ದದ್ದು ಮುರುಗಣ್ಣನ ಟೀ ಅಂಗಡಿಯಲ್ಲಿ ಮಾತ್ರ. ಮುರುಗಣ್ಣನಿಗೆ ಯಾವುದನ್ನೂ ಮೆಲ್ಲಗೆ ಹಾಕಿ ಗೊತ್ತಿಲ್ಲ. ದೀಪಾವಳಿಗೆ ಊರಿಗೆ ಹೋದರೆ, ಬಸ್ಸಿನಿಂದ ಕಾಲು ಕೆಳಗಿಡುವ ಮೊದಲೇ ಕಾಳಮ್ಮಜ್ಜಿ, “ಏನವ್ವ, ಲೆಕ್ಕದಲ್ಲಿ ನೂರುಕ್ಕೆ ಅನ್ನೆರ್ಡಂತೆ?” ಎಂದಳು. ಮೀನಿನ ಕಾಲ ಅಲ್ಲಿಗೆ ಮುಗಿಯಿತು.

ಅಪ್ಪಂದಿರು ಅದೇ ಯಂತ್ರದ ಮುಂದೆ ಕೂತು ಉತ್ತರ ಹೇಳಿ ಕಳಿಸಬೇಕು. ಅವರು ಯಂತ್ರಕ್ಕೆ ಹೆದರಿ ಕೆಮ್ಮುತ್ತಿದ್ದರು, ಸುಮ್ಮನಾಗುತ್ತಿದ್ದರು. ಹಿಂದಿನಿಂದ ಮೇಕೆ ಅರಚುತ್ತಿತ್ತು. ತರಗತಿಯಲ್ಲಿ ಅದನ್ನು ಹಾಕಿದಾಗ ನಾವು ಕಿಸಕ್ಕನೆ ನಕ್ಕರೆ ಮೇಷ್ಟ್ರು, “ಸುಮ್ಕಿರ್ರಲಾ. ನಿಮ್ಮಪ್ಪ ಯೋಚ್ನೆ ಮಾಡ್ತಾವ್ನೆ, ಅದ್ನೂ ಕೇಳ್ಬೇಕು” ಎಂದು ಗದರುತ್ತಿದ್ದರು. ಪೋಷಕರ ಸಭೆಗೆ ಖಾಲಿ ಬೆಂಚು ನೋಡಿ ಸಾಕಾಗಿದ್ದ ಮನುಷ್ಯ, ಆ ಕೆಮ್ಮನ್ನೂ ಬಿಡದೆ ಕೇಳುತ್ತಿದ್ದರು.

ಹತ್ತನೇ ತರಗತಿಯ ಸಂಕ್ರಾಂತಿ ಕಳೆದಿತ್ತಷ್ಟೆ. ಕ್ಯಾಸೆಟ್ಟಿನಲ್ಲಿ ಅಪ್ಪನ ದನಿ ಬಂತು. “ಸಾ, ಮಗೀನ ಕಳಿಸ್ಬುಡಿ. ಗಂಡು ಗೊತ್ತು ಮಾಡಿವ್ನಿ. ಪರೀಕ್ಷೆ ಗಿರೀಕ್ಷೆ ಸಾಕು.” ನಮ್ಮೂರಿನ ಯಾವ ಹುಡುಗಿಯೂ ಅಲ್ಲಿಯವರೆಗೆ ಎಸ್ಸೆಸ್ಸೆಲ್ಸಿ ಬರೆದಿರಲಿಲ್ಲ. ಮೇಷ್ಟ್ರು ಅಪ್ಪನಿಗೆ ಚೆನ್ನಾಗಿ ಬುದ್ಧಿ ಹೇಳುತ್ತಾರೆ ಎಂದು ಕಾದರೆ, ಅವರು ಗುಂಡಿ ಒತ್ತಿ ಹೇಳಿದ್ದು ಇಷ್ಟು: “ಮಾದಣ್ಣಾ, ಮಗ್ಳು ನಿಮ್ದು, ತೀರ್ಮಾನ ನಿಮ್ದು. ನಂದೊಂದು ವರದಿ ಅದೆ, ಕೇಳ್ಕಳಿ. ಲೆಕ್ಕದಲ್ಲಿ ನಲವತ್ತೊಂದು.”

“ಇಷ್ಟೇನಾ ಸಾ?” ಎಂದು ನಾನು ಅತ್ತೇಬಿಟ್ಟೆ. ಅವರು ಕ್ಯಾಸೆಟ್ಟನ್ನು ಡಬ್ಬಿಗೆ ಹಾಕುತ್ತಾ, “ನಾನ್ ಎಚ್ಗೆ ಮಾತಾಡುದ್ರೆ ನಿಮ್ಮೂರೋರು ಸುಮ್ಕಾಯ್ತರೆ ಕಣವ್ವಾ” ಎಂದರು. ಅವತ್ತು ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಮಾತೇ ಬಿಟ್ಟೆ.

ಮುಂದಿನ ಬಸ್ಸಿಗೆ ಬಂದ ಉತ್ತರದಲ್ಲಿ ಅಪ್ಪ ಒಬ್ಬನೇ ಇರಲಿಲ್ಲ, ಇಡೀ ಟೀ ಅಂಗಡಿ ಇತ್ತು. ಜಗಳ ಶುರುವಾದ ಕೂಡಲೇ ಮುರುಗಣ್ಣ ಗುಂಡಿ ಒತ್ತಿದ್ದನೆಂದು ಕಾಣುತ್ತದೆ. “ಎನ್ನ ಅವಸರಂ ಅಣ್ಣೇ? ಪರೀಕ್ಷೆ ಮುಗೀಲಿ” ಎಂದು ತಮಿಳು ಬೆರೆಸಿ ಅವನು. “ನನ್ ಮಗ್ಳು, ನೀವ್ಯಾರ್ಲಾ ಏಳಕ್ಕೆ?” ಎಂದು ಅಪ್ಪ. ಕಾಳಮ್ಮಜ್ಜಿಯ ವಾದವೇ ಬೇರೆ. “ಅನ್ನೆರ್ಡಿದ್ದಾಗ್ಲಿಂದ ಕೇಳ್ಕಂಡ್ ಬತ್ತಾ ಇವಿ. ಈಗ ನಲವತ್ತೊಂದುಕ್ಕೆ ಬಂದವ್ಳೆ. ಮಧ್ಯದಲ್ ನಿಲ್ಸುದ್ರೆ ಮುಂದೇನಾಯ್ತು ಅಂತ ನಮ್ಗೆಂಗ್ಲಾ ಗೊತ್ತಾಯ್ತದೆ?”

ಆ ಗದ್ದಲದ ನಡುವೆ ಅವ್ವನ ದನಿ ಕೇಳಿಸಿತು. ನಾಲ್ಕು ಜನರ ಮುಂದೆ ಅವ್ವ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲೇ ಇಲ್ಲ. “ಸಾ, ನಾನು ಅವ್ಳವ್ವ. ಅವ್ಳು ಪರೀಕ್ಷೆ ಬರೀಲಿ. ಗಂಡು ಕಾಯೋದಾದ್ರೆ ಕಾಯ್ಲಿ, ಇಲ್ದಿದ್ರೆ ಓಗ್ಲಿ.” ಆಮೇಲೆ ಅಪ್ಪನ ಕೆಮ್ಮು. “ಆಯ್ತು ಬುಡಿ ಸಾ.”

ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಡ್‌ಮಾಸ್ಟರ ಕಡೆ ತಿರುಗಿ, “ನೋಡಿ ಸಾ, ಪೋಷಕರ ಸಭೆ ಅಂದ್ರೆ ಇದು” ಎಂದರು. ನಾನು ಪರೀಕ್ಷೆ ಬರೆದು ಪಾಸಾದೆ, ಮುಂದೆ ಟೀಚರೂ ಆದೆ. ಗಂಡು ಕಾಯಲಿಲ್ಲ, ನಷ್ಟವೇನೂ ಆಗಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ, ಅವ್ವ ತೀರಿಕೊಂಡ ಮೇಲೆ, ಯಳಂದೂರಿನಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿದ್ದರು. ಹೆಗಲು ಖಾಲಿಯಿತ್ತು, ನಗು ಹಾಗೆಯೇ ಇತ್ತು. ನಮ್ಮ ಶಾಲೆಗೂ ಕಂಪ್ಯೂಟರ್ ಬಂದಿದೆ ಎಂದೆ. “ಬೀಗ ಆಕುಸ್ಬ್ಯಾಡ” ಎಂದರು. ಆಮೇಲೆ ಬಂದ ಕೆಲಸ ಹೇಳಿದೆ. ಅವ್ವ ಮಾತಾಡಿದ್ದ ಆ ಕ್ಯಾಸೆಟ್ಟು ನನಗೆ ಬೇಕಿತ್ತು.

ಮೇಷ್ಟ್ರ ಮುಖ ಬಾಡಿತು. “ಅಯ್ಯೋ, ನಿಮ್ಮೂರ್ಗೆ ಇದ್ದುದ್ದೇ ಒಂದು ಕ್ಯಾಸೆಟ್ಟು ಕಣವ್ವಾ. ಓಗದೂ ಅದೇ, ಬರದೂ ಅದೇ. ನಿಮ್ಮವ್ವನ ಮಾತಿನ ಮೇಲೇ ನೀನ್ ಪಾಸಾದ ಸುದ್ದಿ ತುಂಬಿ ಕಳುಸ್ಬುಟ್ಟೆ.” ನಾನು ನಕ್ಕೆ, ಅಲ್ಲೇ ಅತ್ತೆ. ಅವರು ಒಳಗೆ ಹೋಗಿ ನೀರು ತಂದುಕೊಟ್ಟರು.

ಅದೇ ವರ್ಷ ಅವರೂ ಹೋದರು. ಹಳೇ ಗೆಳತಿಯರನ್ನೆಲ್ಲ ಕೇಳಿದೆ. ಮೇಷ್ಟ್ರ ದನಿ ಯಾರ ಹತ್ತಿರವೂ ಇಲ್ಲ. ಅಷ್ಟು ವರ್ಷ ಊರೂರಿಗೆ ಮಾತು ಕಳಿಸಿದ ಮನುಷ್ಯನ ಒಂದು ಮಾತೂ ಉಳಿಯಲಿಲ್ಲ. ಪ್ರತಿಸಲವೂ ಅದನ್ನು ಅಳಿಸಿ, ಅದರ ಮೇಲೆಯೇ ನಮ್ಮ ಅಪ್ಪಂದಿರು ಉತ್ತರ ಹೇಳಿದ್ದರು.